ಹುಣಸೆ ಬೀಜದ ಗುರುತು

ಬೊಮ್ಮಸಂದ್ರ
ಭಾನುವಾರ, 8 ಜೂನ್ 2025

ತಾಯಿ ವೇಣಿ,

ನಿನ್ನ ಕಾಗದ ಸಿಕ್ಕಿತು. ಬೇಕರಿ ನರಸಿಂಹಯ್ಯ ಅದನ್ನು ಬಿಸ್ಕತ್ತಿನ ಡಬ್ಬದ ತಳದಲ್ಲಿ, ಹಾಸಿದ ಪೇಪರಿನ ಅಡಿಯಲ್ಲಿ ಇಟ್ಟಿದ್ದ. “ಅಶ್ವತ್ಥಕ್ಕ, ಡಬ್ಬ ಇಲ್ಲೇ ಬಿಚ್ಚಿ ನೋಡ್ಕೊಂಡೋಗಿ, ತಳ ಸೀದಿರಬೌದು” ಅಂದ. ನಾನು ಮದುವೆಯಾಗಿ ಬಂದಾಗಿನಿಂದ ಅವರ ಭಟ್ಟಿಯಲ್ಲೇ ಬಿಸ್ಕತ್ತು ಬೇಯಿಸಿಕೊಂಡು ಬರುತ್ತಿದ್ದೇನೆ. ಅವನಾಗಲಿ ಅವರಪ್ಪನಾಗಲಿ ಒಂದು ದಿನವೂ ತಳ ಸೀಯಿಸಿದವರಲ್ಲ. ಏನೋ ಇದೆ ಅಂದುಕೊಂಡು ಹಿಂದುಗಡೆ ಮೈದಾ ಮೂಟೆಗಳ ಸಂದಿಯಲ್ಲಿ ಕೂತು ಬಿಚ್ಚಿದೆ. ನೀನೂ ಮಗು ಲಾವಣ್ಯಳೂ ಒಂದು ಸೂರಿನ ಕೆಳಗಿದ್ದೀರಿ, ಹೆಣ್ಣುಮಕ್ಕಳ ಪಿಜಿಯಲ್ಲಿ ನಿನಗೆ ಅಡುಗೆ ಕೆಲಸ ಸಿಕ್ಕಿದೆ ಅಂತ ಓದಿದ ಮೇಲೆ ನನಗೆ ಉಸಿರು ಬಂತು.

ಎಲ್ಲಿದ್ದೀಯ ಅಂತ ನನಗೆ ಬರೆಯಬೇಡ. ವಿಳಾಸ ನರಸಿಂಹಯ್ಯನಿಗೆ ಗೊತ್ತಿರಲಿ, ಕವರಿನ ಮೇಲೆ ಅವನೇ ಬರೆಯಲಿ. ನನಗೆ ಗೊತ್ತಿಲ್ಲದ್ದನ್ನು ನನ್ನ ಬಾಯಿಂದ ಯಾರೂ ಹೊರಡಿಸುವುದಕ್ಕಾಗುವುದಿಲ್ಲ. ಫೋನು ಮಾಡಲೇ ಅಂತ ಕೇಳಿದ್ದೀಯ. ಬೇಡವೇ ಬೇಡ. ನನ್ನ ಫೋನು ದಿನಾ ಒಂದು ಸಲ ನಿನ್ನ ಗಂಡ ಅನ್ನಿಸಿಕೊಂಡ ಲೋಕೇಶನ ಕೈಗೆ ಹೋಗಿ ಬರುತ್ತದೆ. ಭಾನುವಾರ ಬೆಳಿಗ್ಗೆ ಬೇಕರಿಗೆ ಹೋಗುವುದಕ್ಕೆ ಮಾತ್ರ ಅವನು ಏನೂ ಅನ್ನುವುದಿಲ್ಲ. ಅವತ್ತು ಅವನಿಗೆ ರಜೆ, ಟೀ ಜೊತೆ ಬಿಸ್ಕತ್ತು ಬೇಕು.

ನೀನು ಮನೆ ಬಿಟ್ಟ ವಾರವೇ ಅವನು ಆನೇಕಲ್ಲಿನ ನಿಮ್ಮಮ್ಮನ ಮನೆಗೆ ಹೋಗಿ ಅಟ್ಟದ ಮೇಲೆಲ್ಲ ಹುಡುಕಿ ಬಂದ. ಅವನು ಓಡಿಸುವ ಕ್ಯಾಬಿನಲ್ಲಿ ಕೂರುವ ಆಫೀಸಿನ ಹುಡುಗಿಯರಿಗೆಲ್ಲ ಅವನು ಬಂಗಾರದಂಥ ಅಣ್ಣ. ಊರಿಗೆ ಉಪಕಾರಿ, ಮನೆಗೆ ಮಾರಿ. ಮೆಟ್ಟಿಲ ಕೆಳಗೆ ಅವನು ತಂದಿಟ್ಟಿದ್ದ ಪೆಟ್ರೋಲ್ ಬಾಟಲಿ ನಾವಿಬ್ಬರೂ ನೋಡಿದ್ದೆವಲ್ಲ, ಅದನ್ನು ಚರಂಡಿಗೆ ಸುರಿದು ನೀರು ತುಂಬಿಸಿಟ್ಟೆ. ಮಾರನೇ ದಿನ ಪಕ್ಕದಲ್ಲಿ ಇನ್ನೊಂದಿತ್ತು. ಏನೂ ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಇಷ್ಟು ಹೆದರುತ್ತಿರಲಿಲ್ಲ.

ಲಾವಣ್ಯ, ಅಜ್ಜಿ ಬಿಸ್ಕತ್ತು ಬೇಕು ಅಂತ ಅಳುತ್ತಾಳೆ ಅಂದೆ. ಬರಕೋ. ಬೆಣ್ಣೆಗೆ ಸಕ್ಕರೆ ಪುಡಿ ಹಾಕಿ ಬಿಳಿಚಿಕೊಳ್ಳುವವರೆಗೆ ಅಂಗೈಯಲ್ಲಿ ಉಜ್ಜು. ಮೈದಾ ಮೂರು ಲೋಟಕ್ಕೆ ಹುರಿದ ರಾಗಿ ಹಿಟ್ಟು ಒಂದು ಲೋಟ. ಸೋಂಪು ತರಿತರಿಯಾಗಿ ಕುಟ್ಟಿ ಹಾಕು. ಚಿಟಿಕೆ ಉಪ್ಪು, ಚಿಟಿಕೆ ಸೋಡಾ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಕಲ್ಲಾಗುತ್ತದೆ, ಸುಮ್ಮನೆ ಒಟ್ಟು ಮಾಡು. ಭಟ್ಟಿ ಇಲ್ಲದಿದ್ದರೆ ಕುಕ್ಕರಿನಲ್ಲಿ ಉಪ್ಪು ಹಾಸಿ ಮಾಡು. ರಬ್ಬರು, ಸೀಟಿ ತೆಗೆದಿಡು, ಮರೆತು ಹಾಕಿಬಿಟ್ಟೀಯ.

ಲಾವಣ್ಯಳ ತಲೆ ನೇವರಿಸಿದೆ ಅಂತ ಹೇಳು.

ನಿನ್ನ ಅತ್ತೆ,
ಅಶ್ವತ್ಥಮ್ಮ


ಭಾನುವಾರ, 22 ಜೂನ್

ಅತ್ತೆಗೆ ವೇಣಿಯ ನಮಸ್ಕಾರ.

ಇವತ್ತು ಬೆಳಿಗ್ಗೆ ಮಾಡಿದೆ. ಭಾನುವಾರ ಇಲ್ಲಿ ಹುಡುಗಿಯರು ತಡವಾಗಿ ಏಳುತ್ತಾರೆ, ಅಡುಗೆಮನೆ ನನ್ನೊಬ್ಬಳದೇ. ಹಳೇ ಕುಕ್ಕರಿಗೆ ಉಪ್ಪು ಹಾಸಿ ಕಾಯಿಸಿ, ಮೇಲೆ ತಟ್ಟೆ ಇಟ್ಟು ಮುಚ್ಚಿದೆ. ಮೊದಲ ತಟ್ಟೆ ಕಪ್ಪಾಯಿತು. ಎರಡನೆಯದು ಅಂಚು ಕೆಂಪಾದ ಕೂಡಲೇ ತೆಗೆದೆ, ಮೆತ್ತಗಿದೆ ಅಂತ ಬೇಜಾರು ಮಾಡಿಕೊಂಡೆ. ಆರಿದ ಮೇಲೆ ಕಟುಂ ಅಂತ ಮುರಿಯಿತು. ಸೋಂಪಿನ ವಾಸನೆಗೆ ಮೇಲಿನ ಮಹಡಿಯಿಂದ ಹುಡುಗಿಯರು ನೈಟಿಯಲ್ಲೇ ಇಳಿದು ಬಂದರು.

ಲಾವಣ್ಯ ಏನು ಮಾಡಿದಳು ಗೊತ್ತೇ? ಸಾರಿಗೆ ನೆನೆಸಿಟ್ಟ ಹುಣಸೆಯಿಂದ ಬೀಜ ಹೆಕ್ಕಿ, ತೊಳೆದು, ಫ್ರಾಕಿನಲ್ಲಿ ಒರೆಸಿ, ಒಂದೊಂದು ಹಸಿ ಬಿಸ್ಕತ್ತಿನ ನಡುವೆ ಒತ್ತಿ ತೆಗೆದಳು. “ಇಲ್ದಿದ್ರೆ ಬೇರೆಯವ್ರ ಮನೆಗೆ ಹೋಗ್ಬಿಡುತ್ತೆ ಅಮ್ಮ” ಅಂದಳು. ಬೇಕರಿಯಲ್ಲಿ ಹತ್ತು ಮನೆಯ ತಟ್ಟೆಗಳು ಒಂದೇ ಭಟ್ಟಿಗೆ ಹೋಗುವಾಗ ಮನೆಗೊಂದು ಗುರುತು ಹಾಕುವುದು ಅವಳಿಗೆ ನೀವು ಕಲಿಸಿದ್ದು. ಮುನಿಯಕ್ಕನ ಮನೆಗೆ ಬಾಟಲಿ ಮುಚ್ಚಳ, ನಮ್ಮ ಮನೆಗೆ ಹುಣಸೆ ಬೀಜ. ಇಲ್ಲಿ ಬೇರೆ ಯಾರ ತಟ್ಟೆಯೂ ಇರಲಿಲ್ಲ. ಆದರೂ ನಾನು ಬೇಡ ಅನ್ನಲಿಲ್ಲ. ಗುರುತಿಲ್ಲದ ಬಿಸ್ಕತ್ತು ನನ್ನ ಕಣ್ಣಿಗೂ ಬರಿಹಣೆಯ ಹಾಗೆ ಕಾಣುತ್ತಿತ್ತು.

ಪ್ರಿಯಾಂಕಾ ಅಂತ ಒಬ್ಬ ಹುಡುಗಿ ಇದ್ದಾಳೆ. ನಾವು ಬಂದ ದಿನ ಏನೂ ಕೇಳದೆ ತನ್ನ ಹೊದಿಕೆ ಕೊಟ್ಟವಳು. ರಿಂಗ್ ರೋಡಿನ ಪಕ್ಕ ದೊಡ್ಡ ಆಫೀಸಿನಲ್ಲಿ ಕೆಲಸ. ಮಿಕ್ಕಿದ್ದನ್ನು ನಾಳೆ ಆಫೀಸಿಗೆ ಒಯ್ಯುತ್ತೇನೆ ಅಂತ ಡಬ್ಬಿಗೆ ತುಂಬಿಕೊಂಡಳು.

ಈಗಲೂ ಹೊರಗೆ ಗಾಡಿ ನಿಂತರೆ ಕಿಟಕಿಯಿಂದ ಇಣುಕಿ ನೋಡುತ್ತೇನೆ. ಗೇಟಿನ ಕಡೆ ಬೆನ್ನು ಹಾಕಿ ಕೂರುವುದಿಲ್ಲ. ಆದರೆ ಇವತ್ತು ಹಿಟ್ಟು ಕಲಸುವಾಗ ಸ್ವಲ್ಪ ಹೊತ್ತು ಮರೆತಿದ್ದೆ.

ನಿಮ್ಮ,
ವೇಣಿ


ಬೊಮ್ಮಸಂದ್ರ
ಭಾನುವಾರ, 29 ಜೂನ್

ವೇಣಿ,

ಮೊದಲು ಬೈಗುಳ. ರಿಂಗ್ ರೋಡು ಅಂತ ಯಾಕೆ ಬರೆದೆ? ನರಸಿಂಹಯ್ಯನ ಪೆನ್ನು ಇಸಕೊಂಡು ಗೀಚಿ ಗೀಚಿ ಅಳಿಸಿದೆ. ಅಳಿಸಿದರೇನು, ಓದಿಯಾಯಿತಲ್ಲ. ಇನ್ನು ಮೇಲೆ ಊರು, ಕೇರಿ, ಕೆರೆ, ರಸ್ತೆ ಯಾವುದೂ ಬೇಡ. ನಿನ್ನ ಕಾಗದಗಳನ್ನು ನಾನು ಮನೆಗೆ ಒಯ್ಯುವುದಿಲ್ಲ. ಓದಿ ನರಸಿಂಹಯ್ಯನ ಕೈಗೇ ಕೊಟ್ಟುಬಿಡುತ್ತೇನೆ.

ಇನ್ನು ಸಂತೋಷ. ಆ ಮುಂಡೇದು ಬೀಜ ತೊಳೆದು ಫ್ರಾಕಿನಲ್ಲಿ ಒರೆಸಿದ್ದು ಓದಿ ನಕ್ಕುಬಿಟ್ಟೆ. ಮುನಿಯಕ್ಕ ತನ್ನ ತಟ್ಟೆ ಹಿಡಿದು ಬಂದವಳು, “ಏನಕ್ಕ, ಮೂಟೆ ಸಂದೀಲಿ ಒಬ್ಳೇ ನಗ್ತಾ ಕುಂತಿದ್ದೀಯ, ತಲೆ ಗಿಲೆ ಕೆಟ್ಟೈತಾ?” ಅಂದಳು. ಇಲಿ ಓಡಿತು ಅಂದೆ. ನಮ್ಮತ್ತೆ ಹಾಕುತ್ತಿದ್ದ ಗುರುತು ಅದು. ನಾನು ಹಾಕಿದೆ, ನೀನು ಹಾಕಿದೆ, ಈಗ ಅವಳು. ಎಲ್ಲಿದ್ದರೂ ನಮ್ಮ ಮನೆ ಬಿಸ್ಕತ್ತು ನಮ್ಮ ಮನೆಯದೇ.

ಲೋಕೇಶನ ವಿಷಯ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಎಲೆಕ್ಟ್ರಾನಿಕ್ ಸಿಟಿ ಕಂಪನಿಯ ಗಾಡಿ ಬಿಟ್ಟ. ಈಗ ಮಹದೇವಪುರದ ಕಡೆ ಟ್ರಿಪ್ಪು ಸಿಕ್ಕಿದೆಯಂತೆ, ಬೆಳಗಿನ ಜಾವ ಹೋಗುತ್ತಾನೆ. ದೂರವಾದಷ್ಟು ನನಗೂ ಒಳ್ಳೆಯದೇ, ಮನೆಯಲ್ಲಿ ಇರುವ ಹೊತ್ತು ಕಡಿಮೆ.

ಕುಕ್ಕರು ಜಾಸ್ತಿ ಕಾಯಿಸಬೇಡ. ಮಗುವಿಗೆ ಹೊಟ್ಟೆಗೆ ಆಗುವಷ್ಟು ಮಾತ್ರ ಕೊಡು.

ಅತ್ತೆ,
ಅಶ್ವತ್ಥಮ್ಮ


ಗುರುವಾರ, 3 ಜುಲೈ

ಅತ್ತೆ,

ಅವರಿಗೆ ಈಗ ಟ್ರಿಪ್ಪು ಸಿಕ್ಕಿರುವ ಊರಿನ ಹೆಸರು ನಿಮ್ಮ ಕಾಗದದಲ್ಲಿ ಓದಿ ಎದ್ದು ಹೋಗಿ ಬಾಗಿಲ ಚಿಲಕ ಹಾಕಿಕೊಂಡೆ. ಇಷ್ಟು ಹೇಳಿದರೆ ಸಾಕು, ಮಿಕ್ಕಿದ್ದು ನಿಮಗೆ ಅರ್ಥವಾಗುತ್ತದೆ. ಹೇಳಬಾರದಿತ್ತು. ಆದರೆ ಹೇಳದೆ ಇರುವುದೂ ಆಗಲಿಲ್ಲ.

ಈ ಭಾನುವಾರವೂ ಬಿಸ್ಕತ್ತು ಮಾಡಿದ್ದೆ. ಹೋದ ಸಲ ಒಯ್ದದ್ದನ್ನು ಆಫೀಸಿನಲ್ಲಿ ಎಲ್ಲರೂ ಹೊಗಳಿದರು ಅಂತ ಪ್ರಿಯಾಂಕಾ ದೊಡ್ಡ ಡಬ್ಬಿ ತಂದಿದ್ದಳು. ಸೋಮವಾರ ತುಂಬಿಸಿಕೊಂಡು ಹೋದಳು, ಮಂಗಳವಾರ ಖಾಲಿ ಡಬ್ಬಿ ಬಂತು. ಯಾರು ತಿಂದರೋ, ಯಾರು ಮನೆಗೆ ಒಯ್ದರೋ. ಎಲ್ಲದರ ಮೇಲೂ ಬೀಜದ ಗುರುತಿತ್ತು ಅತ್ತೆ. ನಾನೇ ಒತ್ತಿದ್ದು. ಮಗು ಮಲಗಿತ್ತು, ಅವಳು ಎದ್ದರೆ ಕೇಳುತ್ತಾಳೆ ಅಂತ ನಾನೇ ಒತ್ತಿದೆ.

ನಿಮ್ಮ ಮಗನಿಗೆ ಆ ಗುರುತು ಸಾವಿರ ಬಿಸ್ಕತ್ತಿನಲ್ಲೂ ಗೊತ್ತಾಗುತ್ತದೆ. ಹಸಿ ಹಿಟ್ಟಿಗೆ ಬೀಜ ಒತ್ತುತ್ತಾ ಬೆಳೆದವರು.

ಬೀಜಗಳನ್ನೆಲ್ಲ ಎಸೆದೆ. ಯಾಕೆ ಅಂತ ಲಾವಣ್ಯ ಅತ್ತಳು. ಇವತ್ತಿನಿಂದ ಅವಳನ್ನು ಹೊರಗೆ ಆಡುವುದಕ್ಕೆ ಬಿಟ್ಟಿಲ್ಲ.

ವೇಣಿ


ಬೊಮ್ಮಸಂದ್ರ
ಶುಕ್ರವಾರ, 4 ಜುಲೈ

ವೇಣಿ,

ಇವತ್ತು ಭಾನುವಾರವಲ್ಲ. ಬ್ರೆಡ್ಡು ತರುತ್ತೇನೆ ಅಂತ ಹೇಳಿ ಬಂದಿದ್ದೇನೆ. ನಿನ್ನ ಕಾಗದ ಇನ್ನೂ ಯಾವುದೂ ಬಂದಿಲ್ಲ. ನಾನು ಬರೆಯುವುದನ್ನು ಎರಡು ಸಲ ಓದು.

ನಿನ್ನೆ ಬೆಳಿಗ್ಗೆ ಲೋಕೇಶ ಟ್ರಿಪ್ಪು ಮುಗಿಸಿ ಬಂದ. ತಿಂಡಿ ಹಾಕಲೇನೋ ಅಂದೆ. ಜೇಬಿನಿಂದ ಟಿಶ್ಯೂ ಪೇಪರು ತೆಗೆದು ಊಟದ ಮೇಜಿನ ಮೇಲೆ ಮೆಲ್ಲಗೆ ಬಿಚ್ಚಿದ. ಒಂದು ಬಿಸ್ಕತ್ತು, ಒಂದು ಕಡೆ ಕಚ್ಚಿದ್ದು. ನಡುವೆ ಹುಣಸೆ ಬೀಜದ ಗುಳಿ.

“ಯಾರ್ದಮ್ಮ ಇದು?”

“ಎಲ್ಲಿ ಸಿಕ್ತೋ?”

“ಗಾಡೀಲಿ ಒಂದ್ ಹುಡುಗಿ ಕೊಟ್ಲು. ಆಫೀಸಲ್ಲಿ ಯಾರೋ ಹಂಚಿದ್ರಂತೆ. ಯಾರು ಅಂದ್ರೆ, ಕೇಳಿ ಹೇಳ್ತೀನಿ ಅಣ್ಣ ಅಂದ್ಲು. ನಾನ್ ಕೇಳ್ತಿರೋದು ನಿನ್ನ.”

ವೇಣಿ, ನಾನು ಆ ಬಿಸ್ಕತ್ತು ತೆಗೆದು ಬಾಯಿಗೆ ಹಾಕಿಕೊಂಡುಬಿಟ್ಟೆ. ಪೂರ್ತಿ. ಅವನು ದುರುಗುಟ್ಟಿಕೊಂಡು ನೋಡುತ್ತಿದ್ದ, ನಾನು ಅಗಿಯುತ್ತಿದ್ದೆ. ರಾಗಿ ಚೆನ್ನಾಗಿ ಹುರಿದಿದ್ದೀಯ ಕಣೆ. ಅಷ್ಟು ಹೆದರಿಕೆಯಲ್ಲೂ ಅದು ನಾಲಿಗೆಗೆ ಗೊತ್ತಾಯಿತು. ನೀರು ಕುಡಿದು ಅಂದೆ: “ಇದು ನಮ್ ನರಸಿಂಹಯ್ಯನ ಅಂಗಡೀದು ಕಣೋ. ನಾನೇ ಹೇಳ್ಕೊಟ್ಟೆ. ಈಗ ಮಾರ್ತಾವ್ನೆ. ಎಲ್ಲೆಲ್ಲಿಂದಾನೋ ಬಂದು ತಗೊಂಡೋಗ್ತಾರೆ.”

“ನಾನು ಅವನ ಅಂಗಡೀಲಿ ನೋಡೇ ಇಲ್ವಲ್ಲ.”

“ನೀನು ಬೇಕರಿ ಒಳಗೆ ಕಾಲಿಟ್ಟು ಎಷ್ಟು ದಿನ ಆಯ್ತು?”

ಅವನು ಟಿಶ್ಯೂ ಪೇಪರನ್ನು ಮಡಿಸಿ ಮತ್ತೆ ಜೇಬಿಗಿಟ್ಟ. “ಸರಿ. ಭಾನುವಾರ ನಾನೂ ಬರ್ತೀನಿ ನಿನ್ ಜೊತೆ” ಅಂದ.

ಭಾನುವಾರ ಅಂದರೆ ನಾಡಿದ್ದು. ಈಗ ನರಸಿಂಹಯ್ಯನಿಗೆ ಎಲ್ಲ ಹೇಳಿದೆ. ಅವನು ಹಣೆ ಚಚ್ಚಿಕೊಂಡು, “ಸುಳ್ಳು ನೀವು ಹೇಳ್ಬುಟ್ಟಿದ್ದೀರಿ, ನಿಜ ನಾನು ಮಾಡ್ಬೇಕಾ?” ಅಂದ. ಅಂದವನೇ ರಾಗಿ ಹಿಟ್ಟು ತರುವುದಕ್ಕೆ ಹುಡುಗನನ್ನು ಕಳಿಸಿದ. ಇಲ್ಲಿ ನನ್ನ ಕೈಯೆಲ್ಲ ಬೆಣ್ಣೆ. ಕಾಗದಕ್ಕೆ ಹತ್ತಿದ್ದರೆ ಬೈಯಬೇಡ.

ನೀನು ಮಾಡಬೇಕಾದದ್ದು ಇಷ್ಟು. ಆ ಪ್ರಿಯಾಂಕಾಗೆ ಹೇಳು. ಯಾರಾದರೂ ಕೇಳಿದರೆ, ಬೊಮ್ಮಸಂದ್ರದ ಬೇಕರಿಯಿಂದ ಗೊತ್ತಿದ್ದವರು ತಂದುಕೊಟ್ಟರು ಅನ್ನಬೇಕು. ಬೇರೆ ಒಂದು ಮಾತೂ ಇಲ್ಲ. ಈ ಕಾಗದ ಮುಟ್ಟುವುದರೊಳಗೆ ಯಾರೂ ಕೇಳದಿರಲಿ ದೇವರೇ.

ಅಶ್ವತ್ಥಮ್ಮ


ಗುರುವಾರ, 10 ಜುಲೈ

ಅತ್ತೆ,

ನಿಮ್ಮ ಕಾಗದ ಸೋಮವಾರ ಸಂಜೆ ಬಂತು. ಪ್ರಿಯಾಂಕಾಗೆ ಆವತ್ತೇ ಎಲ್ಲವನ್ನೂ ಹೇಳಿದೆ, ಬಾಟಲಿಯ ವಿಷಯವನ್ನೂ. ಅವಳು ಎದ್ದು ಹೋಗಿ ಬಾಗಿಲು ಎಳೆದು ನೋಡಿ, “ಅಕ್ಕ, ನಿಮ್ ರೂಮಿನ ಬೋಲ್ಟ್ ಸರಿ ಇಲ್ಲ, ಮೊದ್ಲು ಅದನ್ನ ಚೇಂಜ್ ಮಾಡ್ಸೋಣ” ಅಂದಳು. ಮಾಡಿಸಿದಳು.

ನಿನ್ನೆ ಆಫೀಸಿನಲ್ಲಿ ಯಾವಳೋ ಒಬ್ಬಳು ಅವಳ ಮೇಜಿಗೆ ಬಂದು ಕೇಳಿದಳಂತೆ. “ನಮ್ ಕ್ಯಾಬ್ ಅಣ್ಣಂಗೆ ನಿಮ್ ಬಿಸ್ಕೆಟ್ ತುಂಬಾ ಇಷ್ಟ ಆಗಿದೆ, ಪಾಪ, ಯಾರ್ ಮಾಡಿದ್ದು ಅಂತ ದಿನಾ ಕೇಳ್ತಾರೆ.” ಪ್ರಿಯಾಂಕಾ ನೀವು ಹೇಳಿದ ಮಾತನ್ನೇ ಹೇಳಿದಳು. ಕೇಳಿದ ಹುಡುಗಿಯದೇನೂ ತಪ್ಪಿಲ್ಲ. ಒಳ್ಳೆಯ ಅಣ್ಣನಿಗೆ ಒಂದು ಉಪಕಾರ ಮಾಡುತ್ತಿದ್ದಾಳೆ.

ಭಾನುವಾರ ಕಳೆದು ಇಷ್ಟು ದಿನವಾಯಿತು. ಬೇಕರಿಯಲ್ಲಿ ಏನಾಯಿತು? ಒಂದು ಗೆರೆಯನ್ನಾದರೂ ಬರೆಯಿರಿ. ಬೆಳಿಗ್ಗೆಯಿಂದ ಗೇಟು ನೋಡುತ್ತಿದ್ದೇನೆ. ಅಂಚೆಯವನು ಬಂದರೂ ಭಯ, ಬರದಿದ್ದರೂ ಭಯ.

ನಿಮ್ಮ,
ವೇಣಿ


ಬೊಮ್ಮಸಂದ್ರ
ಭಾನುವಾರ, 20 ಜುಲೈ

ವೇಣಿ,

ಅಕ್ಷರ ಸೊಟ್ಟಗಿದೆ, ಹೆದರಬೇಡ. ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಊದಿಕೊಂಡಿದೆ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಹೋದ ವಾರ ಬೇಕರಿಗೂ ಬರಲಾಗಲಿಲ್ಲ.

ಆ ಭಾನುವಾರದ ಕತೆ ಕೇಳು. ಲೋಕೇಶ ನನ್ನ ಹಿಂದೆಯೇ ಬಂದ. ತಟ್ಟೆ ನಾನೇ ಹಿಡಿದುಕೊಂಡಿದ್ದೆ. ಅಂಗಡಿಯ ಮುಂದೆ ಗಾಜಿನ ಜಾಡಿ, ಅದರ ತುಂಬ ನಮ್ಮ ಬಿಸ್ಕತ್ತು. ನರಸಿಂಹಯ್ಯ ಮುಖ ಎತ್ತದೆ, “ಬಾರಪ್ಪ ಲೋಕೇಶ, ಅಪರೂಪಕ್ಕೆ ಬಂದೆ” ಅಂದ. ಲೋಕೇಶ ಜಾಡಿಯಿಂದ ಒಂದು ತೆಗೆದು ತಿಂದ. ನೇರವಾಗಿ ಒಳಗೆ, ಭಟ್ಟಿಯ ಹತ್ತಿರ ಹೋದ. ಅಲ್ಲಿ ಊರ ಹೆಂಗಸರ ತಟ್ಟೆಗಳು ಸಾಲಾಗಿದ್ದವು.

ಮುನಿಯಕ್ಕನ ತಟ್ಟೆ ನೋಡಿದ. ಬೀಜದ ಗುಳಿ. ಪಕ್ಕದ ತಟ್ಟೆ ನೋಡಿದ. ಬೀಜದ ಗುಳಿ. ಅದರಾಚೆಯದೂ ಅದೇ. ಒಂದು ತಟ್ಟೆಯಲ್ಲೂ ಬಾಟಲಿ ಮುಚ್ಚಳವಿಲ್ಲ, ಬಾಚಣಿಗೆ ಹಲ್ಲಿಲ್ಲ. ಅವನಿಗಿಂತ ನಾನು ಹೆಚ್ಚು ಬೆರಗಾದೆ ಕಣೆ. ನರಸಿಂಹಯ್ಯನನ್ನು ಬಿಟ್ಟು ನಾನು ಯಾರಿಗೂ ಒಂದು ಮಾತು ಹೇಳಿರಲಿಲ್ಲ. ಶನಿವಾರ ಮುನಿಯಕ್ಕ ಹಿತ್ತಲ ಬಾಗಿಲಿಗೆ ಬಂದು, “ಅಕ್ಕ, ಒಂದ್ ಇಡಿ ಉಣಸೆ ಬೀಜ ಕೊಡು” ಅಂದಿದ್ದಳು. ಯಾಕೆ ಅಂದೆ. “ಸುಮ್ಕೆ ಕೊಡಕ್ಕ. ಆ ಮಗಾ ನಮ್ ಕಣ್ ಮುಂದೆ ಉಟ್ಟಿದ್ದು” ಅಂದಳು. ಲಾವಣ್ಯಳ ಹೆಸರು ಎತ್ತಲಿಲ್ಲ. ನಿನ್ನ ಹೆಸರೂ ಎತ್ತಲಿಲ್ಲ.

ಲೋಕೇಶ ಅವಳನ್ನೇ ಕೇಳಿದ: “ನಿಮ್ಮನೇದು ಮುಚ್ಚಳದ ಗುರುತಲ್ವಾ?”

“ಅಯ್ಯೋ, ಆ ಮುಚ್ಚಳ ತುಕ್ಕು ಇಡೀತು ಕಣಪ್ಪ. ಈಗ ಎಲ್ರೂ ಇದೇಯ.”

“ಎಲ್ರೂ ಒಂದೇ ಹಾಕಿದ್ರೆ ಯಾರ್ದು ಯಾವ್ದು ಅಂತ ಗೊತ್ತಾಗೋದು ಎಂಗೆ?”

“ಗೊತ್ತಾಗಕಿಲ್ಲ. ಅದ್ಕೇ ದಿನಾ ಜಗಳ” ಅಂದಳು ಮುನಿಯಕ್ಕ. ಜಗಳವೂ ಆಯಿತು. ಅವತ್ತು ತಟ್ಟೆಗಳು ಅದಲುಬದಲಾಗಿ ಅವಳ ತುಪ್ಪದ ಬಿಸ್ಕತ್ತು ಯಾರ ಮನೆಗೋ ಹೋಗಿ, ಯಾರದೋ ಡಾಲ್ಡಾದ್ದು ಅವಳ ಪಾಲಿಗೆ ಬಂತು. ಇವತ್ತಿಗೂ ಬೈಯುತ್ತಿದ್ದಾಳೆ. ಆದರೂ ಇವತ್ತು ಅವಳ ತಟ್ಟೆಯಲ್ಲಿ ಬೀಜದ ಗುರುತೇ ಇತ್ತು.

ಆಮೇಲೆ ಗಾಡಿಯ ಹುಡುಗಿಯೂ ಬೊಮ್ಮಸಂದ್ರ ಅಂದಳಂತೆ. ಅಲ್ಲಿಗೆ ಅವನ ಹುಡುಕಾಟ ನಮ್ಮ ಬೀದಿಗೇ ವಾಪಸು ಬಂತು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ಹಾಗೆ ಅಂದುಕೊ. ನೀನು ಹೆದರಬೇಡ. ಬಿಸ್ಕತ್ತು ಮಾತ್ರ ಸದ್ಯಕ್ಕೆ ಬೇಡ.

ಅಶ್ವತ್ಥಮ್ಮ


ಭಾನುವಾರ, 27 ಜುಲೈ

ಅತ್ತೆ,

ಬಚ್ಚಲಲ್ಲಿ ಜಾರಿ ಬಿದ್ದೆ ಅಂತ ಬರೆದಿದ್ದೀರಿ. ಆ ಮಾತು ನನ್ನದು. ಏಳು ವರ್ಷ ನಾನು ಎಲ್ಲರಿಗೂ ಅದನ್ನೇ ಹೇಳಿದ್ದು. ನಿಮ್ಮೊಬ್ಬರಿಗೆ ಮಾತ್ರ ಹೇಳಬೇಕಾಗಿರಲಿಲ್ಲ. ನೀವು ಏನೂ ಕೇಳದೆ ಉಪ್ಪು ಬಿಸಿ ಮಾಡಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಿದ್ದಿರಿ. ಈಗ ನಿಮಗೆ ಯಾರು ಕೊಡುತ್ತಿದ್ದಾರೆ?

ನನ್ನನ್ನು ಹಿಂದಿನ ಬಾಗಿಲಿಂದ ಕಳಿಸಿದವರು ನೀವು. ಮಗುವಿನ ಚಪ್ಪಲಿ ಸದ್ದಾಗುತ್ತದೆ ಅಂತ ಬಿಚ್ಚಿ ಕೈಗೆ ಕೊಟ್ಟವರು. ಈಗ ನಾನು ಹೇಳುತ್ತೇನೆ, ನೀವು ಹೊರಟು ಬನ್ನಿ. ಪಿಜಿ ನಡೆಸುವ ಮೇಡಂ ಹತ್ತಿರ ಮಾತಾಡಿದ್ದೇನೆ. ತರಕಾರಿ ಹೆಚ್ಚುವುದಕ್ಕೆ ಒಂದು ಕೈ ಬೇಕು ಅಂದರು. ಒಂದೇ ಕೈ ಸರಿ ಇರುವುದು ಅಂದೆ, ಸಾಕು ಅಂದರು. ನಮ್ಮ ರೂಮು ಸಣ್ಣದು, ಮೂರು ಜನ ಮಲಗಬಹುದು.

ನರಸಿಂಹಯ್ಯನವರಿಗೆ ಬೇರೆ ಕಾಗದ ಹಾಕಿದ್ದೇನೆ. ಅಂಗಡಿಗಳಿಗೆ ಬ್ರೆಡ್ಡು ಹಾಕುವ ಅವರ ಗೂಡ್ಸ್ ಆಟೋ ಭಾನುವಾರವೂ ಹೊರಡುತ್ತದಲ್ಲ.

ನಿಮಗೆ ಏನಾದರೂ ಆದರೆ ಅದು ನಾನು ಒತ್ತಿದ ಗುರುತಿನಿಂದ ಆದದ್ದು. ಅದನ್ನು ಹೊತ್ತುಕೊಂಡು ಬದುಕುವ ಶಕ್ತಿ ನನಗಿಲ್ಲ.

ನಿಮ್ಮ ಮಗಳು,
ವೇಣಿ


ಬೊಮ್ಮಸಂದ್ರ
ಭಾನುವಾರ, 3 ಆಗಸ್ಟ್

ವೇಣಿ,

ನಿನಗೆ ಸುಳ್ಳು ಹೇಳಿದೆ, ಹೌದು. ಆವತ್ತು ಬೇಕರಿಯಿಂದ ಬಂದ ಮೇಲೆ ಅವನು ಒಂದೇ ಮಾತು ಕೇಳಿದ್ದು: “ನಮ್ಮನೇದು ಊರಿಗೆಲ್ಲಾ ಯಾಕೆ ಹಂಚ್ದೆ?” ಯಾರಿಗೂ ಕೊಡದ ಬಿಸ್ಕತ್ತನ್ನು ನಾನು ಕೊಟ್ಟೆ ಅಂದರೆ ಅದಕ್ಕೊಂದು ಕಾರಣವಿರಬೇಕು ಅಂತ ಅವನಿಗೆ ಹೊಳೆಯಿತು. ಹೆತ್ತ ಮಗನಲ್ಲವೇ, ನನ್ನ ಬುದ್ಧಿಯೇ ಬಂದಿದೆ. “ನಿಂಗೆ ಗೊತ್ತು. ಹೇಳೋವರ್ಗೂ ಬಿಡಲ್ಲ” ಅಂದ. ಗೊತ್ತಿಲ್ಲ ಅಂದೆ. ಅದು ನಿಜ. ನಿಜ ಹೇಳಿದ್ದಕ್ಕೇ ಕೈ ತಿರುಚಿದ.

ಮೊದಲು ನಾನು ಬರುವುದಿಲ್ಲ ಅಂತಲೇ ಬರೆಯಬೇಕೆಂದಿದ್ದೆ. ನಾನು ಇಲ್ಲಿ ಇರುವಷ್ಟು ದಿನ ಅವನು ನನ್ನನ್ನೇ ಕೇಳುತ್ತಿರುತ್ತಾನೆ, ನಿನ್ನ ಕಡೆ ನೋಡುವುದಿಲ್ಲ ಅಂದುಕೊಂಡಿದ್ದೆ. ಆದರೆ ನಿನ್ನೆ ಮೆಟ್ಟಿಲ ಕೆಳಗೆ ಗುಡಿಸುವಾಗ ನೋಡಿದೆ. ಬಾಟಲಿ ಇಲ್ಲ. ಬಾಗಿಲು ತೆರೆದಿದ್ದ ಅವನ ಗಾಡಿಯೊಳಗೆ ಇಣುಕಿದೆ, ಸೀಟಿನ ಕೆಳಗಿತ್ತು. ಪ್ರತಿದಿನ ಅದನ್ನು ಹೊತ್ತುಕೊಂಡೇ ಆ ಕಡೆ ಹೋಗಿ ಬರುತ್ತಾನೆ. ನಾನು ಇಲ್ಲಿ ಕೂತು ತಡೆಯುತ್ತಿರುವುದು ಏನೂ ಇಲ್ಲ ಅಂತ ಗೊತ್ತಾಯಿತು. ನಿನ್ನ ಹತ್ತಿರ ಇದ್ದರೆ ಮಗುವಿಗೆ ಅಡ್ಡ ನಿಲ್ಲುವುದಕ್ಕೆ ಇನ್ನೊಂದು ಮೈಯಾದರೂ ಇರುತ್ತದೆ.

ಆದ್ದರಿಂದ ಬರುತ್ತೇನೆ. ಮುಂದಿನ ಭಾನುವಾರ ಎಂದಿನಂತೆ ಡಬ್ಬ ಹಿಡಿದು ಹೊರಡುತ್ತೇನೆ. ಡಬ್ಬದಲ್ಲಿ ಎರಡು ಸೀರೆ, ನಿನ್ನ ಮಾವನ ಫೋಟೋ. ಭಟ್ಟಿಯಿಂದ ಇಳಿದ ಬಿಸ್ಕತ್ತನ್ನು ಮುನಿಯಕ್ಕ ಅವನಿಗೆ ಕೊಟ್ಟು ಟೀ ಕಾಯಿಸಿಕೊಡುತ್ತಾಳೆ. “ನಿಮ್ಮಮ್ಮ ಇನ್ನೂ ಬೇಕರೀಲೇ ಅವ್ಳೆ, ಕೈ ನೋವಲ್ವಾ, ನಿಧಾನ” ಅಂತ ಹೇಳುತ್ತಾಳೆ. ಅವನು ತಿಂದು ಮುಗಿಸುವುದರೊಳಗೆ ಬ್ರೆಡ್ಡಿನ ಆಟೋ ಊರು ದಾಟಿರಬೇಕು. ಅಲ್ಲಿಂದ ಯಾವ ಕಡೆ ಅಂತ ನನಗೆ ಈಗಲೂ ಹೇಳಬೇಡ ಅಂದಿದ್ದೇನೆ ನರಸಿಂಹಯ್ಯನಿಗೆ. ಈ ಒಂದು ವಾರ ಕಳೆಯಬೇಕಲ್ಲ.

ಹೆದರಿಕೆಯಾಗುತ್ತದೆ ವೇಣಿ. ಈ ಬೀದಿ ಬಿಟ್ಟು ಒಬ್ಬಳೇ ಎಲ್ಲಿಗೂ ಹೋದವಳಲ್ಲ ನಾನು.

ಅಶ್ವತ್ಥಮ್ಮ


ಭಾನುವಾರ, 31 ಆಗಸ್ಟ್

ನರಸಿಂಹಯ್ಯನವರಿಗೆ ಅಶ್ವತ್ಥಮ್ಮ ಮಾಡುವ ನಮಸ್ಕಾರ.

ನಾವು ಮೂವರೂ ಇದ್ದೇವೆ. ಕೈ ಈಗ ವಾಸಿ, ಅಕ್ಷರ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಆವತ್ತು ಆಟೋದಲ್ಲಿ ಬ್ರೆಡ್ಡಿನ ಟ್ರೇಗಳ ನಡುವೆ ಕೂತಾಗ ನಿಮ್ಮ ಕಡೆ ತಿರುಗಿಯೂ ನೋಡಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ತಿರುಗಿದ್ದರೆ ಇಳಿದುಬಿಡುತ್ತಿದ್ದೆ. ಲೋಕೇಶ ನಿಮ್ಮ ಅಂಗಡಿಗೆ ಬಂದು ಜಾಡಿ ಒಡೆದ ವಿಷಯ ನಿಮ್ಮ ಕಾಗದದಿಂದ ತಿಳಿಯಿತು. ಊರವರು ಸೇರಿ ಅವನನ್ನು ಹಿಡಿದುಕೊಂಡರಂತಲ್ಲ. ಮುನಿಯಕ್ಕ ತಾನೇ ಸ್ಟೇಷನ್ನಿಗೆ ಹೋಗಿ ಬಾಟಲಿಯ ವಿಷಯ ಹೇಳಿದಳು ಅಂತಲೂ ಬರೆದಿದ್ದೀರಿ. ಹೋದ ವರ್ಷ ವೇಣಿ ದೂರು ಕೊಡಲು ಹೋದಾಗ ಅಲ್ಲಿ ಬುದ್ಧಿ ಹೇಳಿ ಮನೆಗೆ ಕಳಿಸಿದ್ದರು. ಈ ಸಲ ಬರೆದುಕೊಂಡರು ಅನ್ನುವುದೇ ದೊಡ್ಡದು. ಆದರೆ ಎರಡು ದಿನಕ್ಕೆ ಅವನನ್ನು ಬಿಟ್ಟರು, ಮತ್ತೆ ಗಾಡಿ ಓಡಿಸುತ್ತಿದ್ದಾನೆ. ಹೆತ್ತ ಹೊಟ್ಟೆ, ಅವನು ಊಟ ಮಾಡಿದನೋ ಇಲ್ಲವೋ ಅಂತ ಯೋಚನೆ ಬರುತ್ತದೆ. ಆ ಯೋಚನೆಯ ಹಿಂದೆಯೇ ಬಾಟಲಿ ನೆನಪಾಗುತ್ತದೆ.

ನಮ್ಮ ಬೀಜದ ಗುರುತಿನ ಬಿಸ್ಕತ್ತು ಈಗ ಹೊಸೂರು ರಸ್ತೆಯ ಅಂಗಡಿಗಳಿಗೂ ಹೋಗುತ್ತಿದೆ ಅಂದಿರಿ. ಹೋಗಲಿ. ಎಷ್ಟು ದೂರ ಹೋಗುತ್ತದೋ ಅಷ್ಟು ಒಳ್ಳೆಯದು. ಮುನಿಯಕ್ಕನಿಗೆ ಹೇಳಿ, ತುಪ್ಪದ ಬಾಕಿ ನನ್ನ ಮೇಲಿರಲಿ.

ಇವತ್ತು ಬೆಳಿಗ್ಗೆ ಇಲ್ಲಿ ಬಿಸ್ಕತ್ತು ಮಾಡಿದೆವು. ತುಂಬ ದಿನವಾಗಿತ್ತು, ಮಗು ಕೇಳುತ್ತಲೇ ಇತ್ತು. ಕುಕ್ಕರಿಗೆ ಉಪ್ಪು ಹಾಸಿ ವೇಣಿ ಕಾಯಿಸಿದಳು, ನಾನು ಬೆಣ್ಣೆ ಉಜ್ಜಿದೆ. ಲಾವಣ್ಯ ಬೀಜ ಹುಡುಕಿಕೊಂಡು ಡಬ್ಬಿಗಳನ್ನೆಲ್ಲ ತಡಕಾಡಿದಳು. ಇಲ್ಲಿ ವೇಣಿ ಈಗ ಸಾರಿಗೆ ಹುಣಸೆಯನ್ನೇ ಹಾಕುವುದಿಲ್ಲ, ನಿಂಬೆಹಣ್ಣು ಹಿಂಡುತ್ತಾಳೆ.

“ಗುರುತು ಹಾಕ್ದಿದ್ರೆ ನಮ್ದು ಅಂತ ಹೆಂಗ್ ಗೊತ್ತಾಗುತ್ತೆ ಅಜ್ಜಿ?”

“ಗೊತ್ತಾಗದೇ ಇರ್ಲಿ ಅಂತಾನೇ ಕಂದ” ಅಂದೆ.

ಅವಳಿಗೆ ಅರ್ಥವಾಗಲಿಲ್ಲ. ಬೋಳು ಬಿಸ್ಕತ್ತನ್ನು ತಿರುಗಿಸಿ ತಿರುಗಿಸಿ ನೋಡಿ ಬಾಯಿಗಿಟ್ಟುಕೊಂಡಳು. ಮೂವರೂ ನೆಲದ ಮೇಲೆ ಕೂತು ತಿನ್ನುತ್ತಿದ್ದೆವು. ಆಗ ಗೇಟಿನ ಹತ್ತಿರ ಗಾಡಿ ಬಂದು ನಿಂತ ಸದ್ದಾಯಿತು. ವೇಣಿ ಅಗಿಯುವುದನ್ನು ನಿಲ್ಲಿಸಿದಳು. ನಾನೂ ನಿಲ್ಲಿಸಿದೆ. ನಮ್ಮಿಬ್ಬರನ್ನು ನೋಡಿ ಮಗುವೂ ಬಾಯಿ ಮುಚ್ಚಿ ಕೂತಿತು, ಕೆನ್ನೆಯಲ್ಲಿ ತುತ್ತು ಹಾಗೇ ಇತ್ತು.

ನೀರಿನ ಕ್ಯಾನಿನವನು. ಕ್ಯಾನು ಇಳಿಸಿ, ಖಾಲಿಯದನ್ನು ಎತ್ತಿಕೊಂಡು ಹೋದ.

ಗಾಡಿಯ ಸದ್ದು ದೂರವಾದ ಮೇಲೆ ಮತ್ತೆ ಅಗಿದೆವು.

ನಿಮ್ಮ ಅಕ್ಕ,
ಅಶ್ವತ್ಥಮ್ಮ